ಒಂದೇ ಒಲೆಯಲ್ಲಿ ಉಣ್ಣುವವರು

ಕಾಟಮ್ಮನಿಗೆ ಬೇಕಾಗಿದ್ದದ್ದು ಒಂದೇ. ಹಿರಿಯರ ಹಬ್ಬದ ದಿನ ಸತ್ತ ಮಗಳಿಗೂ ಒಂದು ಎಲೆ ಹಾಕಿ ಎಡೆ ಇಡಬೇಕು. ಅವರ ಮನೆಯ ಪದ್ಧತಿಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಮದುವೆಯಾಗದೆ ಹೋದವರು ಹಿರಿಯರ ಸಾಲಿಗೆ ಸೇರುವುದಿಲ್ಲ. ಅವರಿಗೆ ಎಲೆಯಿಲ್ಲ, ಹೆಸರು ಹಿಡಿದು ಕರೆಯುವುದೂ ಇಲ್ಲ. ಮಂಜುಳಾ ಮದುವೆಯಾಗದೆ ಹೋದವಳು. ಅವಳಿಗೆ ಮದುವೆ ಮಾಡಿಸಿದ್ದು ಬೆಂಗಳೂರಿನ ಒಂದು ಕಂಪ್ಯೂಟರು. ಆ ಸುದ್ದಿಯನ್ನು ಅವಳ ಅಪ್ಪ ಅಮ್ಮನ ಜಗುಲಿಗೆ ತಂದವಳು ನಾನು. ನಗಬೇಡಿ. ಇರುವುದನ್ನು ಇದ್ದ ಹಾಗೆ ಬರೆಯುವುದೇ ನನ್ನ ಕೆಲಸ, ಹೇಳುವುದೂ ಹಾಗೆಯೇ.

ನನ್ನ ಹೆಸರು ಶಿವರಂಜನಿ. ಮಧುಗಿರಿಯವಳು. ನನಗೆ ಸಿಟ್ಟು ಬೇಗ ಎಂದು ಆಫೀಸಿನಲ್ಲೂ ಮನೆಯಲ್ಲೂ ಹೇಳುತ್ತಾರೆ. ಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಮನೆಮನೆ ಬಾಗಿಲು ಬಡಿಯುವವರಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ಬೆಂಗಳೂರಿನ ಒಂದು ಸಂಸ್ಥೆಗೆ ನಾನು ಸಮೀಕ್ಷೆ ಮಾಡಿಕೊಡುತ್ತೇನೆ. ಸರ್ಕಾರ ಒಂದು ತೆರಿಗೆ ಏರಿಸಿದರೆ ಯಾರಿಗೆ ಪೆಟ್ಟು, ಒಂದು ಪಿಂಚಣಿ ಹೆಚ್ಚಿಸಿದರೆ ಯಾರಿಗೆ ಅನುಕೂಲ ಎನ್ನುವುದನ್ನು ಜಾರಿಗೆ ಬರುವ ಮೊದಲೇ ಕಂಪ್ಯೂಟರಿನಲ್ಲಿ ಆಡಿಸಿ ನೋಡುವ ಸಂಸ್ಥೆ ಅದು. ಆಡಿಸಿ ನೋಡಬೇಕಾದರೆ ಮನೆಗಳು ಬೇಕಲ್ಲ, ಅದಕ್ಕೆ ನಾಲ್ಕು ವರ್ಷದ ಹಿಂದೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸುತ್ತಿ ಮನೆಗಳನ್ನು ಬರೆದುಕೊಟ್ಟಿದ್ದೆ.

ಪ್ರತಿ ವರ್ಷ ಹೊಸದಾಗಿ ಬರೆಸಲು ಅವರಿಗೆ ಆಗುವುದಿಲ್ಲ. ಆದ್ದರಿಂದ ಹಳೆಯ ಮನೆಗಳನ್ನೇ ಕಂಪ್ಯೂಟರಿನೊಳಗೆ ಬೆಳೆಸುತ್ತಾರೆ. ಎಲ್ಲರಿಗೂ ವರ್ಷಕ್ಕೊಂದು ವಯಸ್ಸು ಏರಿಸುತ್ತಾರೆ. ಬೆಲೆ ಏರಿದ ಹಾಗೆ ಕೂಲಿ ಏರಿಸುತ್ತಾರೆ. ಚೀಟಿ ಎತ್ತಿದ ಹಾಗೆ ಕೆಲವರಿಗೆ ಮದುವೆ ಮಾಡುತ್ತಾರೆ, ಕೆಲವರ ಮನೆಗೆ ಮಗು ಕೊಡುತ್ತಾರೆ, ವಯಸ್ಸಾದವರಲ್ಲಿ ಕೆಲವರನ್ನು ಮೇಲಕ್ಕೆ ಕಳಿಸಿಬಿಡುತ್ತಾರೆ. ಮಾಡಿದ್ದು ಎಷ್ಟು ಸರಿ, ಎಷ್ಟು ತಪ್ಪು ಎಂದು ತಾಳೆ ನೋಡಲು ಕೆಲವು ವರ್ಷ ಕಳೆದ ಮೇಲೆ ನನ್ನನ್ನು ಅದೇ ಮನೆಗಳಿಗೆ ಮತ್ತೆ ಅಟ್ಟುತ್ತಾರೆ. ಅಂದಾಜು ಏನಿದೆ ಎಂದು ನನಗೆ ಮೊದಲೇ ತೋರಿಸುವುದಿಲ್ಲ. ನನ್ನ ಟ್ಯಾಬಿನಲ್ಲಿ ಹಳೆಯ ಹೆಸರುಗಳು ಮಾತ್ರ ಇರುತ್ತವೆ.

ಕೊಳಾಲದಿಂದ ಒಳಗೆ ಹೋದರೆ ಹಳೆಯ ಕೋಟೆಗುಡ್ಡದ ಬುಡದಲ್ಲಿ ಒಂದು ಹಟ್ಟಿ ಇದೆ. ಓಬಳಯ್ಯ, ಅವನ ಹೆಂಡತಿ ಕಾಟಮ್ಮ ಅಲ್ಲಿಯವರು. ಓಬಳಯ್ಯ ಕಲ್ಲು ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಕಾಟಮ್ಮ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ಒಬ್ಬಳೇ ಮಗಳು ಮಂಜುಳಾ ಆಗ ಹತ್ತೊಂಬತ್ತರ ಹುಡುಗಿ, ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ನಾನು ಇಷ್ಟು ಮನೆ ನೋಡಿದ್ದೇನೆ, ಸಮೀಕ್ಷೆಗೆ ಬಂದವಳನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನಮ್ಮ ಉತ್ತರ ತಗೊಂಡು ಏನು ಮಾಡ್ತೀರಿ ಎಂದಳು. ನಾನು ವಯಸ್ಸು ಏರಿಸುವುದು, ಚೀಟಿ ಎತ್ತುವುದು ಎಲ್ಲ ಹೇಳಿದೆ.

"ಹಂಗಾರೆ ಅಕ್ಕ, ಆ ಕಂಪ್ಯೂಟ್ರಲ್ಲಿ ನಂಗೂ ವಯಸ್ಸಾಯ್ತದಾ?"

"ಆಗದೆ ಏನು? ನಿನಗೊಬ್ಬಳಿಗೆ ಬಿಟ್ಟುಬಿಡ್ತಾರಾ?"

"ಮದುವೆ?"

"ಚೀಟಿ ಬಂದರೆ ಅದೂ ಆಗುತ್ತೆ."

"ಅಮ್ಮೋ, ಕೇಳಿಸ್ಕಂಡ್ಯಾ? ನೀವ್ ಗಂಡು ನೋಡ್ದೆ ಹೋದ್ರೂ ಬೆಂಗ್ಳೂರಿನೋರು ನೋಡ್ತರಂತೆ. ಖರ್ಚೂ ಇಲ್ಲ."

"ಬಾಯ್ಮುಚ್ಕಂಡ್ ಆ ಪಾತ್ರೆ ತೊಳಿಯೇ," ಎಂದು ಕಾಟಮ್ಮ ಒಳಗಿನಿಂದ ಬೈದಿದ್ದಳು. ಬೈಯುವಾಗ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಈ ಸಲ ನಾನು ಹೋದಾಗ ಪಕ್ಷದ ಅಮಾವಾಸ್ಯೆಗೆ ಒಂದು ವಾರ ಬಾಕಿಯಿತ್ತು. ಹಟ್ಟಿಯವರು ಮನೆಗಳಿಗೆ ಸುಣ್ಣ ಬಳಿಯುತ್ತಿದ್ದರು. ಕಾಟಮ್ಮ ನನ್ನ ಗುರುತು ಹಿಡಿದಳು. ಚಾಪೆ ಹಾಸಿದಳು, ಚೊಂಬಿನಲ್ಲಿ ನೀರು ತಂದಳು. ಓಬಳಯ್ಯ ಅಂಗಳದಲ್ಲಿ ಕೂತು ಸುಣ್ಣ ಕಲಸುತ್ತಿದ್ದ. ನಾನು ಟ್ಯಾಬ್ ತೆಗೆದು ಮೊದಲನೇ ಪ್ರಶ್ನೆ ಕೇಳಿದೆ. ನಮ್ಮಲ್ಲಿ ಮನೆ ಎಂದರೆ ಗೋಡೆಯಲ್ಲ, ಒಲೆ. ಒಂದೇ ಒಲೆಯ ಅಡುಗೆ ಉಣ್ಣುವವರೆಲ್ಲ ಒಂದು ಮನೆ.

"ಒಂದೇ ಒಲೆಯಲ್ಲಿ ಉಣ್ಣುವವರು ಎಷ್ಟು ಜನ ಕಾಟಮ್ಮ?"

"ಮೂರು," ಎಂದಳು. ಓಬಳಯ್ಯನ ಕೈ ಸುಣ್ಣದ ಬಕೀಟಿನಲ್ಲಿ ನಿಂತಿತು. ಅವನು ತಲೆ ಎತ್ತಲಿಲ್ಲ.

"ಅಂದರೆ ಮಂಜುಳಾಗೆ ಇನ್ನೂ ಮದುವೆ ಮಾಡಿಲ್ಲ. ಬೆಂಗಳೂರಿನೋರೇ ಗಂಡು ನೋಡ್ತಾರೆ ಅಂತ ನೆಚ್ಚಿಕೊಂಡು ಕೂತುಬಿಟ್ರಾ ಹೆಂಗೆ?"

ನಾನು ತಮಾಷೆಗೆ ಅಂದದ್ದು. ಕಾಟಮ್ಮ ನಗಲಿಲ್ಲ. ಕೆಲಸಕ್ಕೆ ಹೋಗಿದ್ದಾಳಾ ಎಂದೆ, ಹೂಂ ಎಂದಳು. ಆಮೇಲಿನ ಪ್ರಶ್ನೆಗಳಿಗೆಲ್ಲ ಬೇಗ ಬೇಗ ಉತ್ತರ ಕೊಟ್ಟಳು. ಮುಗಿಸಿ ಕಳಿಸಿದೆ. ಜಗುಲಿಯ ತುದಿಯಲ್ಲಿ ನೆಟ್‌ವರ್ಕ್ ಚೆನ್ನಾಗಿತ್ತು, ಆಗಲೇ ಬೆಂಗಳೂರಿಗೆ ಹೋಯಿತು. ಕಾಟಮ್ಮ ಕಾಫಿಗೆ ಇಟ್ಟಳು. ಕಾಫಿ ಬರುವ ಮೊದಲೇ ಪ್ರಭುದೇವನ ಫೋನ್ ಬಂತು.

ಪ್ರಭುದೇವ್ ಅಂದರೆ ಅಲ್ಲಿ ಕೂತು ನಮ್ಮ ತಪ್ಪು ಹಿಡಿಯುವ ಹುಡುಗ. ಒಳ್ಳೆಯವನೇ, ಆದರೆ ಕಂಪ್ಯೂಟರಿನ ಮಾತು ಬಿಟ್ಟು ಬೇರೆ ಮಾತು ಬರುವುದಿಲ್ಲ. ನನ್ನ ಫೋನಿನ ಕಿವಿ ಕೆಟ್ಟು ಬಹಳ ದಿನವಾಗಿತ್ತು, ಸ್ಪೀಕರ್ ಹಾಕಿದರೆ ಮಾತ್ರ ಕೇಳುತ್ತದೆ. ಹಾಕಿದೆ.

"ಮೇಡಂ, ಈ ಕೊಳಾಲದ ಮನೆಗೆ ಮೂರು ಅಂತ ಹಾಕಿದೀರಲ್ಲ. ನಮ್ಮ ಅಂದಾಜಲ್ಲಿ ಇಬ್ಬರೇ ಇರೋದು. ಮಗಳು ಸಮೀಕ್ಷೆ ಆದ ಮಾರನೇ ವರ್ಷವೇ ಮದುವೆಯಾಗಿ ಹೋಗಿದಾಳೆ. ಸ್ವಲ್ಪ ವಿಚಾರಿಸಿ."

ಕಾಟಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಟವನ್ನು ಹೊಸ್ತಿಲ ಮೇಲಿಟ್ಟು ಅಲ್ಲೇ ಕೂತಳು.

"ಏನಂದ್ರು ಮೇಡಮ್ಮ? ಇನ್ನೊಂದ್ಸಲ ಹೇಳ್ಸಿ."

"ಏನಿಲ್ಲ ಕಣಮ್ಮ. ಇದೆಲ್ಲ ಅವರ ಅಂದಾಜು. ಮಂಜುಳಾಗೆ ಮದುವೆಯಾಗಿದೆ ಅಂತ ಅವರ ಲೆಕ್ಕದಲ್ಲಿ ಬಂದಿದೆ."

"ಆಗೈತಾ? ಚೀಟಿ ಬಂತಾ?" ಎಂದಳು. ಗಂಡನ ಕಡೆ ತಿರುಗಿದಳು. "ಕೇಳಿಸ್ತಾ? ನಮ್ ಕೂಸಿಗೆ ಮದುವೆ ಆಗೈತಂತೆ." ಹಾಗೆ ಹೇಳಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

ನನಗೆ ತಲೆಬುಡ ತಿಳಿಯಲಿಲ್ಲ. ಓಬಳಯ್ಯ ಕೈ ತೊಳೆದುಕೊಂಡು ಬಂದ.

"ಅವ್ಳಿಲ್ಲ ತಾಯಿ," ಎಂದ. "ಡೆಂಗ್ಯೂ ಬಂದು ಹೋಗ್ಬುಟ್ಲು. ವರ್ಸ ಎರಡಾಯ್ತಾ ಬಂತು. ಇವ್ಳು ಯಾರ್ ಕೇಳಿದ್ರೂ ಮೂರು ಅಂತ್ಲೇ ಹೇಳೋದು. ನೀವ್ ಬೇಜಾರ್ ಮಾಡ್ಕಬ್ಯಾಡಿ."

ನಾನಾಡಿದ ತಮಾಷೆ ನೆನಪಾಯಿತು. ಫೋನು ಇನ್ನೂ ಕೈಯಲ್ಲಿತ್ತು. ಪ್ರಭುದೇವನಿಗೂ ಕೇಳಿಸಿತ್ತು. "ಹಾಗಾದರೆ ಮನೆಯಲ್ಲಿ ಇಬ್ಬರೇ ಅಲ್ವಾ ಮೇಡಂ? ನಮ್ಮ ಸಂಖ್ಯೆ ಸರಿಯಾಗೇ ಬಂದಿದೆ, ಕಾರಣ ಒಂದು ಬದಲಾಯಿಸಬೇಕು," ಎಂದ.

"ನಿನ್ನ ಸಂಖ್ಯೆಗೆ ಬೆಂಕಿ ಹಾಕ," ಎಂದು ಫೋನ್ ಇಟ್ಟೆ. ಆ ಹುಡುಗನ ಮೇಲೆ ಅಲ್ಲ ನನಗೆ ಸಿಟ್ಟು. ಯಾರ ಮೇಲೆ ಎಂದು ಈಗಲೂ ಹೇಳಲಾರೆ.

ಅಳು ನಿಂತ ಮೇಲೆ ಕಾಟಮ್ಮ ಮಾತಾಡಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಅವಳು ಮಗಳು ಬದುಕಿದ್ದಾಳೆ ಎಂದು ಭ್ರಮೆ ಹಿಡಿದವಳಲ್ಲ. ಎಲ್ಲ ಗೊತ್ತಿತ್ತು. ಮಣ್ಣು ಮಾಡಿದ ಜಾಗಕ್ಕೆ ದಿನಾ ಹೋಗಿ ಬರುತ್ತಿದ್ದಳು. ಎಲ್ಲ ಕಡೆ ಮಗಳ ಹೆಸರು ತೆಗೆದಿದ್ದರು, ಗಾರ್ಮೆಂಟ್ಸಿನಲ್ಲಿ, ರೇಷನ್ ಕಾರ್ಡಿನಲ್ಲಿ, ಓಟಿನ ಪಟ್ಟಿಯಲ್ಲಿ. ಬೆಂಗಳೂರಿನ ಆ ಕಂಪ್ಯೂಟರಿಗೆ ಮಾತ್ರ ಯಾರೂ ಹೋಗಿ ಹೇಳಿರಲಿಲ್ಲ. ಅಲ್ಲಿ ಮಗಳಿಗೆ ವಯಸ್ಸಾಗುತ್ತಿದೆ, ಇವತ್ತಲ್ಲ ನಾಳೆ ಚೀಟಿ ಬರುತ್ತದೆ, ಮದುವೆಯಾದರೆ ತಾನು ಎಡೆ ಇಡಬಹುದು ಎಂದು ಅವಳು ಕಾದಿದ್ದಳು. ನಾನು ಹೆಸರು ತೆಗೆದರೆ ಅದೂ ಹೋಗುತ್ತದೆ ಎಂದು ಮೂರು ಎಂದಿದ್ದಳು.

"ಹೋದ್ ವರ್ಸ ಹಬ್ಬದಾಗೆ ಇವ್ರಪ್ಪಂಗೆ, ಅವ್ವಂಗೆ, ಎಲ್ಲಾರ್ಗೂ ಎಲೆ ಹಾಕಿದ್ವಿ," ಎಂದಳು. "ಬಾಗ್ಲು ಹಾಕ್ಕಂಡು ಆಚೆ ಕುಂತಿದ್ವಿ. ಒಳಗೆ ಎಲ್ಲಾ ಉಣ್ತಾವ್ರೆ, ನನ್ ಮಗ್ಳು ಎಲ್ಲೋ ಬೀದಿ ತುದೀಲಿ ನಿಂತವ್ಳೆ ಅನ್ನಿಸ್ತು. ಹಸ್ಕಂಡ್ ಕೆಲ್ಸಕ್ಕೆ ಹೋಗಾಕೂ ಬುಡ್ತಿರ್ನಿಲ್ಲ ನಾನು ಅವ್ಳ್ನ."

ನಮ್ಮ ಮನೆಯಲ್ಲಿ ಹೋದವರನ್ನು ಶಿವೈಕ್ಯರಾದರು ಎಂದು ಹೇಳಿ ಮುಗಿಸುತ್ತೇವೆ, ಎಲೆ ಹಾಕುವ ಗೋಜಿಲ್ಲ. ಆದರೆ ಹಸಿದ ಮಗಳು ಬೀದಿಯ ತುದಿಯಲ್ಲಿ ನಿಂತಿದ್ದಾಳೆ ಎಂದರೆ ಯಾವ ಜಾತಿಯವಳಿಗೆ ತಿಳಿಯುವುದಿಲ್ಲ?

ಓಬಳಯ್ಯ ಒಪ್ಪಲಿಲ್ಲ. ಅವನು ಕಲ್ಲೆದೆಯವನಲ್ಲ. ಹೆದರಿದ್ದ, ಅಷ್ಟೆ. ನಮ್ಮಪ್ಪ ಮಾಡದೇ ಇದ್ದುದನ್ನು ನಾನು ಮಾಡಿದರೆ ಸತ್ತ ಮಗಳಿಗೇ ಏನಾದರೂ ಕೆಡುಕಾದೀತು ಎಂಬ ಭಯ.

"ಕಂಪ್ಯೂಟ್ರು ಮಾಡಿದ್ ಮದುವೆ ಮದುವೇನಾ?" ಎಂದ.

"ರೇಷನ್ ಕಾರ್ಡಲ್ಲಿ ಹೆಸ್ರು ತೆಗ್ದಾಗ ಏನಂದ್ರಿ? ಕಂಪ್ಯೂಟ್ರಲ್ಲಿ ಇಲ್ಲ ಅಂದ್ಮೇಲೆ ಇಲ್ಲ ಅಂದ್ರಿ. ಅಲ್ಲಿ ಇಲ್ಲ ಅಂದಿದ್ನ ನಂಬ್ದೋರು ಇಲ್ಲಿ ಐತೆ ಅಂದಿದ್ನ ನಂಬಾಕಿಲ್ವಾ?"

ಓಬಳಯ್ಯ ನನ್ನ ಮುಖ ನೋಡಿದ. ನಾನು ಏನು ಹೇಳಲಿ? ಚೀಟಿ ಎತ್ತಿದ್ದು ನಿಜ, ಅವಳ ಚೀಟಿ ಬಂದದ್ದೂ ನಿಜ.

"ಆಯ್ತು, ಆಗೈತೆ ಅಂತ್ಲೇ ಅನ್ಕೊ," ಎಂದ ಅವನು. "ಮದುವೆ ಆದ್ಮೇಲೆ ಅವ್ಳು ಗಂಡನ ಮನೆಯೋಳು. ಎಡೆ ಅವ್ರು ಇಕ್ಕಬೇಕು."

"ಗಂಡನ ಮನೇಲಿ ಇಕ್ಕೋರಿಲ್ದಿದ್ರೆ ತೌರ್‌ನೋರು ಇಕ್ಕಬೋದು. ನಿಮ್ ಸೋದರತ್ತೆಗೆ ನಿಮ್ಮಪ್ಪ ಇಕ್ತಿರ್ನಿಲ್ವಾ?"

ಓಬಳಯ್ಯ ಇನ್ನೊಂದು ಮಾತು ಹಿಡಿದುಕೊಂಡ. ಎಡೆ ಇಟ್ಟ ಮೇಲೆ ಹೆಸರು ಹಿಡಿದು ಕರೆಯಬೇಕು, ಮದುವೆಯಾದ ಹೆಂಗಸರನ್ನು ಇಂಥವನ ಹೆಂಡತಿ ಎಂದು ಕರೆಯಬೇಕು. ಹೆಸರಿಲ್ಲದ ಗಂಡನನ್ನು ಹೇಳಿ ಹೇಗೆ ಕರೆಯುವುದು?

ಕಾಟಮ್ಮ ನನ್ನ ಕೈ ಹಿಡಿದಳು. "ಫೋನ್ ಮಾಡ್ ಕೇಳಿ ಮೇಡಮ್ಮ. ಹುಡ್ಗ ಯಾರು ಅಂತ."

ಬೈದು ಇಟ್ಟ ಫೋನನ್ನು ನಾನೇ ಮತ್ತೆ ಮಾಡಬೇಕಾಯಿತು. ಪ್ರಭುದೇವ್ ಮೊದಲು ತಡವರಿಸಿದ, ಹೇಳುವ ಹಾಗಿಲ್ಲ ಎಂದ. ಆಮೇಲೆ ಕಾಟಮ್ಮನ ಉಸಿರು ಕೇಳಿಸಿತೋ ಏನೋ, ಹೇಳಿದ.

"ಹೆಸರು ಇರಲ್ಲ ಮೇಡಂ. ನಮ್ಮ ಕೈಗೆ ಬರುವ ಮೊದಲೇ ಹೆಸರು ತೆಗೆದಿರ್ತಾರೆ. ಶಿರಾ ತಾಲ್ಲೂಕಿನ ಹುಡುಗ. ಆಗ ಇಪ್ಪತ್ತನಾಲ್ಕು ವಯಸ್ಸು. ಗೂಡ್ಸ್ ಆಟೊ ಓಡಿಸ್ತಾನೆ. ಮನೆಯಲ್ಲಿ ತಾಯಿ ಒಬ್ಬರೇ."

"ನಮ್ ಕಡೆಯೋರೇನಾ?" ಎಂದು ಓಬಳಯ್ಯ ಕೇಳಿದ. ಕೇಳುವುದಿಲ್ಲ ಎಂದುಕೊಂಡವನು ಕೇಳಿಬಿಟ್ಟ.

"ಹೌದು, ಅದು ಹೊಂದುವ ಹಾಗೇ ಎತ್ತುತ್ತೆ."

"ಕುಡಿತಾನಾ?" ಇದು ಕಾಟಮ್ಮ.

ಆ ಕಡೆ ಕೀಬೋರ್ಡಿನ ಸದ್ದು ಕೇಳಿಸಿತು. "ಆ ಮನೆಯ ಖರ್ಚಿನಲ್ಲಿ ಹೆಂಡಕ್ಕೆ ಏನೂ ಹಾಕಿಲ್ಲ ಅಮ್ಮ."

"ಅತ್ತೆ ಹೆಂಗೆ?"

"ಅದು ನಾವು ಕೇಳಿರಲ್ಲ ಅಮ್ಮ," ಎಂದ ಪ್ರಭುದೇವ್, ಬಹಳ ಮೆತ್ತಗೆ.

ಕಾಟಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ಸಮೀಕ್ಷೆಯ ಮಾರನೇ ವರ್ಷ ಮದುವೆ. ಆಮೇಲೆ ಜ್ವರ. "ಹಂಗಾರೆ ಹೋಗೋವಾಗ ನನ್ ಮಗ್ಳು ಮುತ್ತೈದೆ," ಎಂದಳು. "ಕೈ ತುಂಬ ಬಳೆ ಇಕ್ಕಂಡ್ ಹೋಗವ್ಳೆ." ಓಬಳಯ್ಯ ಎದ್ದು ಸುಣ್ಣದ ಬಕೀಟಿನ ಬಳಿ ಹೋದ. ಅವನ ಬೆನ್ನು ಅಲುಗುತ್ತಿದ್ದುದು ನನಗೆ ಕಾಣಿಸಿತು.

ನನ್ನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಮನೆಯಲ್ಲಿ ಇಲ್ಲದವರ ಹೆಸರಿನ ಮುಂದೆ ಕಾರಣ ಒತ್ತಬೇಕು. ಕಾರಣಗಳ ಸಾಲಿನಲ್ಲಿ ಮೇಲೆ 'ಮದುವೆಯಾಗಿ ಹೋದರು' ಎಂದಿದೆ, ಅದರ ಕೆಳಗೆ 'ಮರಣ' ಎಂದಿದೆ. ನಾನು ಮರಣ ಒತ್ತಿದರೆ ಏನಾಗುತ್ತದೆ ಎಂದು ಪ್ರಭುದೇವನನ್ನು ಕೇಳಿದೆ. ಹಿಂದಿನಿಂದ ಎಲ್ಲವನ್ನೂ ಮತ್ತೆ ಎಣಿಸುತ್ತದೆ ಎಂದ. ಹುಡುಗಿ ಮದುವೆಯಾಗದೆ ತೌರಿನಲ್ಲೇ ಹೋದವಳು ಎಂದಾದ ಮೇಲೆ ಆ ಮದುವೆಯ ಚೀಟಿಯೇ ಇರುವುದಿಲ್ಲ, ಹುಡುಗನಿಗೆ ಕಂಪ್ಯೂಟರು ಬೇರೆ ಹೆಣ್ಣು ಹುಡುಕುತ್ತದೆ.

"ಅಲ್ಲಯ್ಯ, ಅವನಿಗೆ ಒಂದು ದಿನದ ಸೂತಕವೂ ಇಲ್ಲವಾ?" ಎಂದೆ.

"ಅವನು ವಿಧುರ ಅಂತ ಬರಲ್ಲ ಮೇಡಂ. ಅವನಿಗೆ ಮದುವೆಯೇ ಆಗಿರಲಿಲ್ಲ ಅಂತ ಬರುತ್ತೆ."

ಇದನ್ನು ಕಾಟಮ್ಮನಿಂದ ಮುಚ್ಚಿಡಬೇಕೆಂದರೂ ಆಗಲಿಲ್ಲ, ಸ್ಪೀಕರ್ ಹಾಕಿತ್ತಲ್ಲ. ಅವಳು ತನಗೆ ಬೇಕಾದ್ದನ್ನು ನೇರವಾಗಿ ಕೇಳಿದಳು. "ಅಮಾಸೆವರ್ಗೂ ಹಂಗೇ ಮಡಗಿ ಮೇಡಮ್ಮ. ಒಂದು ಊಟ ಇಕ್ಬುಡ್ತೀನಿ. ಆಮೇಲೆ ನಿಮ್ಮಿಷ್ಟ."

ಪಟ್ಟಿ ಶನಿವಾರ ಸಂಜೆಗೆ ಮುಚ್ಚುತ್ತದೆ, ಅಮಾವಾಸ್ಯೆ ಭಾನುವಾರ. ಪ್ರಭುದೇವ್ ಆಗುವುದೇ ಇಲ್ಲ ಎಂದ. ನನಗೆ ಗೊತ್ತಿಲ್ಲದ್ದೇನನ್ನೂ ಅವನು ಹೇಳಲಿಲ್ಲ. ಒಂದೊಂದು ಮನೆಯೂ ಅದೇ ಥರದ ಸಾವಿರಾರು ಮನೆಗಳ ಪರವಾಗಿ ನಿಂತಿದೆ, ಇಲ್ಲೊಬ್ಬಳನ್ನು ತಪ್ಪಾಗಿ ಉಳಿಸಿದರೆ ಅಲ್ಲಿ ಸಾವಿರಾರು ಹುಡುಗಿಯರು ಉಳಿದುಬಿಡುತ್ತಾರೆ, ಅವರ ಹೆಸರಿನಲ್ಲಿ ಹಣ ಹಂಚಿಕೆಯ ಲೆಕ್ಕ ನಡೆಯುತ್ತದೆ ಎಂದ. ಎಲ್ಲ ಸರಿಯೇ.

ಕಾಟಮ್ಮ ಕೇಳುತ್ತಿದ್ದವಳು, "ಅಷ್ಟ್ ಮನೇಲೂ ನನ್ ಮಗ್ಳು ಅವ್ಳಾ?" ಎಂದಳು.

ಕಡೆಗೆ ಪ್ರಭುದೇವ್, "ಆ ಮನೆ ಬಾಕಿ ಇದೆ ಅಂತ ಸೋಮವಾರ ಬೆಳಿಗ್ಗೆವರೆಗೂ ಇಟ್ಟಿರ್ತೀನಿ. ಅಷ್ಟರೊಳಗೆ ನೀವು ಕಳಿಸಿಬಿಡಬೇಕು ಮೇಡಂ," ಎಂದ. ಬೈದದ್ದಕ್ಕೆ ನನಗೆ ಬೇಸರವಾಯಿತು, ಆದರೆ ಹೇಳಲಿಲ್ಲ.

ನಡುವೆ ಶಿರಾದ ಕೆಲಸವಿತ್ತು. ಹೋಗುವಾಗ ಬಸ್ಸಿನಲ್ಲೇ ಹೋದೆ, ಸ್ಕೂಟರ್ ಓಡಿಸುವ ಮನಸ್ಸಿರಲಿಲ್ಲ. ಶಿರಾದ ಸಂತೆಬೀದಿಯ ಹಿಂದಿನ ಗಲ್ಲಿಯಲ್ಲಿ ಒಂದು ಮನೆ. ಮುಂದೆ ಗೂಡ್ಸ್ ಆಟೊ ನಿಂತಿತ್ತು. ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬ ಹುಡುಗ ಅದರ ಗಾಜು ಒರೆಸುತ್ತಿದ್ದ. ಪಕ್ಕದ ಅಂಗಡಿಯ ಸಾಬರು, "ಮೇಡಂ ಬಂದವ್ರೆ ನೋಡೋ, ಕುರ್ಚಿ ಹಾಕು," ಎಂದರು. ಅವನು ಕುರ್ಚಿ ತಂದು ಅಂಗಿಯಲ್ಲೇ ಒರೆಸಿ ಹಾಕಿದ. ಒಳಗಿನಿಂದ ಅವನ ತಾಯಿ ಬಂದು ಬಾಗಿಲಿಗೆ ಒರಗಿ ನಿಂತರು.

ಅವನೇ ಎಂದು ನಾನು ಹೇಳುವುದಿಲ್ಲ. ಶಿರಾದಲ್ಲಿ ಗೂಡ್ಸ್ ಆಟೊ ಓಡಿಸುವವರು ಬೇಕಾದಷ್ಟು ಜನ. ಆದರೂ ಅವನ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ. ಹಣೆಯಲ್ಲಿ ವಿಭೂತಿ ಅಳಿಸಿದ ಗುರುತಿತ್ತು. ಬೆರಳುಗಳಲ್ಲಿ ಗ್ರೀಸ್ ಇತ್ತು.

"ಮದುವೆ ಆಗಿದೆಯೇನಪ್ಪ?"

"ಎಲ್ಲಿ ಮೇಡಂ. ಡ್ರೈವರ್ ಅಂದ್ರೆ ಹೆಣ್ಣು ಕೊಡಾಕೆ ಯಾರೂ ಬರಲ್ಲ."

ನಿನಗೆ ಆಗಿತ್ತು ಕಣಪ್ಪ, ನಿನ್ನನ್ನು ಕಂಡರೆ ಬಿದ್ದು ಬಿದ್ದು ನಗುವಂಥ ಹುಡುಗಿ, ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. 'ಅವಿವಾಹಿತ' ಎಂದು ಒತ್ತಿದೆ. ಅವನ ತಾಯಿ, "ಎಲ್ಲಾರ ಒಳ್ಳೇ ಹೆಣ್ಣಿದ್ರೆ ಹೇಳಿ ತಾಯಿ, ನೀವು ಊರೂರು ತಿರುಗೋರು," ಎಂದರು. ಹೇಳುತ್ತೇನೆ ಎಂದು ಎದ್ದು ಬಂದೆ. ಬಸ್‌ ಸ್ಟ್ಯಾಂಡಿನವರೆಗೂ ಕಣ್ಣು ಒರೆಸಿಕೊಳ್ಳುತ್ತಲೇ ನಡೆದೆ, ಧೂಳು ಎಂದು ತಿಳಿದುಕೊಂಡವರು ತಿಳಿದುಕೊಳ್ಳಲಿ.

ಭಾನುವಾರ ಮಧ್ಯಾಹ್ನ ಹಟ್ಟಿಗೆ ಹೋದೆ. ಹೋಗಬೇಕಾದ ಅಗತ್ಯವಿರಲಿಲ್ಲ, ಮನೆಯಿಂದಲೇ ಒತ್ತಿ ಕಳಿಸಬಹುದಿತ್ತು. ಕಾಟಮ್ಮನ ಮನೆ ಬೆಳ್ಳಗೆ ಸುಣ್ಣ ಕಂಡಿತ್ತು. ಒಳಗೆ ಕಳಶದ ಮುಂದೆ ಎಲೆಗಳು ಸಾಲಾಗಿದ್ದವು. ಮುದ್ದೆ, ಕೋಳಿ ಸಾರು, ಅನ್ನ, ವಡೆ, ಕಜ್ಜಾಯ. ಹಿರಿಯರಿಗೆಂದು ಪಂಚೆ, ಸೀರೆ. ಕೊನೆಯಲ್ಲಿ ಒಂದು ಎಲೆ ಸ್ವಲ್ಪ ಬೇರೆಯಾಗಿತ್ತು. ಅದರ ಪಕ್ಕದಲ್ಲಿ ಹಸಿರು ಬಳೆ, ಅರಿಸಿನ ಕುಂಕುಮ, ಹಸಿರಂಚಿನ ಹೊಸ ಸೀರೆ ಇದ್ದವು. ಎಲೆಯ ಮೇಲೆ ಕೊಳಾಲದ ಬೇಕರಿಯಿಂದ ತಂದ ಎಗ್ ಪಫ್ಸ್ ಇತ್ತು.

"ಸಂಬ್ಳ ಆದ್ ದಿನ ತಪ್ಪುಸ್ತಿರ್ನಿಲ್ಲ," ಎಂದಳು ಕಾಟಮ್ಮ. "ನಂಗೊಂದು, ಅವ್ಳಿಗೊಂದು. ಇವ್ರಿಗೆ ಗೊತ್ತಾಗ್ದಂಗೆ."

"ನಂಗ್ ಗೊತ್ತಿತ್ತು," ಎಂದ ಓಬಳಯ್ಯ.

ಸೀರೆ ಮಗಳ ಮದುವೆಗೆಂದೇ ತೆಗೆದಿಟ್ಟಿದ್ದಂತೆ. ಬೇಗ ಗಂಡು ಕೂಡಿ ಬರಲಿ ಎಂದು ಗೊರವನಹಳ್ಳಿಯ ಲಕ್ಷ್ಮಮ್ಮನ ಸನ್ನಿಧಿಯಲ್ಲಿ ಇಟ್ಟು ಪೂಜೆ ಮಾಡಿಸಿ ತಂದಿದ್ದಳು.

ಓಬಳಯ್ಯ ಸ್ನಾನ ಮಾಡಿ ಹೆಗಲ ಮೇಲೆ ಟವೆಲ್ ಹೊದ್ದು ಬಂದು ಸಾಂಬ್ರಾಣಿ ಹಾಕಿದ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದ. ಅಪ್ಪನನ್ನು, ಅವ್ವನನ್ನು, ತಾತನನ್ನು, ಸೋದರತ್ತೆಯನ್ನು. ಕೊನೆಯ ಎಲೆಯ ಮುಂದೆ ಬಂದು ನಿಂತುಬಿಟ್ಟ. ನನ್ನ ಕಡೆ ತಿರುಗಿ, "ಹೆಸ್ರು ಸಿಕ್ತಾ ತಾಯಿ?" ಎಂದ.

ಶಿರಾದ ಆ ಹುಡುಗನ ಹೆಸರು ನನ್ನ ಬಳಿಯಿತ್ತು, ಆದರೆ ಅವನೇ ಎಂದು ಯಾರು ಹೇಳಬೇಕು? ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? "ಇಲ್ಲ ಓಬಳಯ್ಯ," ಎಂದೆ.

"ಅಂಗಾರೆ ಹೆಂಗೆ ಕರೆಯಾದು?"

ಕಾಟಮ್ಮ ಎದ್ದು ಬಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನೀವ್ ಸರೀರಿ, ಅವ್ಳ ಬದ್ಲು ನಾನ್ ಹೇಳ್ತೀನಿ," ಎಂದಳು. "ಗರತಿಯಾದೋಳು ಗಂಡನ ಹೆಸ್ರು ಬಾಯ್‌ ಬುಟ್ಟು ಹೇಳ್ತಾಳಾ? ನಾನ್ ಯಾವತ್ತಾರ ನಿಮ್ ಹೆಸ್ರು ಹಿಡ್ದಿದೀನಾ?"

ಓಬಳಯ್ಯ ಪಕ್ಕಕ್ಕೆ ಸರಿದ. ಕಾಟಮ್ಮ ಎಲೆಯ ಮುಂದೆ ಕೂತು, ಸೀರೆಯ ಮೇಲೆ ಕುಂಕುಮ ಹಾಕಿ, ಬಾಗಿಲಲ್ಲಿ ನಿಂತ ನೆಂಟರನ್ನು ಒಳಗೆ ಕರೆಯುವ ದನಿಯಲ್ಲಿ ಕರೆದಳು.

"ಶಿರಾದೋರ ಮನೆ ಸೊಸೆ, ಮಂಜುಳಾ, ಬಾರವ್ವ. ನಿನ್ ತೌರ್‌ಮನೆಗೆ ಬಂದು ಉಣ್ಣು ಬಾ."

ಆಮೇಲೆ ಪದ್ಧತಿಯ ಹಾಗೆ ಎಲ್ಲರೂ ಹೊರಗೆ ಬಂದೆವು. ಓಬಳಯ್ಯ ಬಾಗಿಲು ಎಳೆದುಕೊಂಡ. ಹಿರಿಯರು ಉಂಡು ಹೋಗುವವರೆಗೂ ತೆಗೆಯುವ ಹಾಗಿಲ್ಲ. ಮೂವರೂ ಜಗುಲಿಯ ಮೇಲೆ ಕೂತೆವು. ಗುಡ್ಡದ ನೆರಳು ಹಟ್ಟಿಯ ಮೇಲೆ ಬಂದಿತ್ತು. ಕಾಟಮ್ಮ ಬಾಗಿಲಿಗೆ ಬೆನ್ನು ಕೊಟ್ಟು, ತಲೆ ಸ್ವಲ್ಪ ಓರೆ ಮಾಡಿ ಕೂತಿದ್ದಳು. ಒಳಗೆ ಏನಾದರೂ ಕೇಳಿಸುತ್ತಿದೆಯೋ ಎಂದು ನಾನು ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ನನ್ನ ಚೀಲದ ಕಡೆ ಕೈ ತೋರಿಸಿದಳು. "ತೆಗೀರಿ ಮೇಡಮ್ಮ. ಈಗ ಬರ್ಕಳಿ."

ಟ್ಯಾಬ್ ತೆಗೆದೆ. ಮಂಜುಳಾಳ ಹೆಸರಿನ ಮುಂದೆ ಕಾರಣಗಳ ಸಾಲು ಬಂತು. ಓದಿ ಹೇಳಿದೆ.

"ಎರಡೂ ಬರ್ಕಳಿ," ಎಂದಳು.

"ಒಂದನ್ನೇ ಒತ್ತೋಕೆ ಆಗೋದು ಕಣಮ್ಮ."

ಅವಳು ಸ್ವಲ್ಪ ಯೋಚಿಸಿದಳು. "ಹಂಗಾರೆ ಹೋಗಿದ್ನೇ ಬರ್ಕಳಿ. ಮದುವೇದು ನಮ್ಗೆ ಗೊತ್ತಲ್ಲ, ಸಾಕು. ಒಂದ್ಸಲ ಕರೆದ್ಮೇಲೆ ಬುಡಂಗಿಲ್ಲ, ಇನ್ಮೇಲೆ ವರ್ಸಾ ವರ್ಸಾ ಬರ್ತಾಳೆ."

'ಮರಣ' ಎಂದು ಒತ್ತಿದೆ. ಬೆಂಗಳೂರಿನಲ್ಲಿ ಏನೇನು ಅಳಿಸಿತೋ, ಶಿರಾದ ಆ ಹುಡುಗನಿಗೆ ಏನಾಯಿತೋ ತಿಳಿಯದು. ಕಾರಣ ಬದಲಾದರೆ ಟ್ಯಾಬು ಮೊದಲನೇ ಪ್ರಶ್ನೆಯನ್ನು ಮತ್ತೆ ಕೇಳುತ್ತದೆ. ಉತ್ತರ ನನಗೆ ಗೊತ್ತಿತ್ತು. ಆದರೆ ಮನೆಯವರ ಬಾಯಿಂದಲೇ ಬರಬೇಕು ಎಂಬುದು ನಿಯಮ. ಆ ನಿಯಮ ಮಾಡಿದವರು ಇಂಥ ಜಗುಲಿಯ ಮೇಲೆ ಒಂದು ದಿನವೂ ಕೂತವರಲ್ಲ.

"ಒಂದೇ ಒಲೆಯಲ್ಲಿ ಉಣ್ಣುವವರು ಎಷ್ಟು ಜನ ಕಾಟಮ್ಮ?"

ಓಬಳಯ್ಯ ಹೇಳಲು ಹೊರಟ. ಕಾಟಮ್ಮ ಅವನ ಮೊಣಕಾಲ ಮೇಲೆ ಕೈಯಿಟ್ಟು ತಡೆದಳು. ತಿರುಗಿ ಮುಚ್ಚಿದ ಬಾಗಿಲನ್ನು ನೋಡಿದಳು.

"ಇವತ್ತು ಮೂರು," ಎಂದಳು. "ನಾಳೆಯಿಂದ ಇಬ್ರು ಅಂತ ಬರ್ಕಳಿ."

ಎರಡು ಎಂದು ಬರೆದುಕೊಂಡೆ.